ಹಳೆಯ ಕಾರಿನ ಹಿಂಭಾಗ ಕುಸಿದಿದೆಯೇ? ಮೊದಲು ಟೇಪು ಹಿಡಿಯಿರಿ

ಡಿಕ್ಕಿ ಖಾಲಿ ಇದ್ದರೂ ಕಾರು ಹಿಂದಕ್ಕೆ ಕೂತಂತೆ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ಕೂತರಂತೂ ರಸ್ತೆಯ ಪ್ರತಿ ಉಬ್ಬಿಗೂ ಅಡಿಯಿಂದ ಧಡ್ ಎಂಬ ಸದ್ದು. ಇಂಥ ಕಾರಿಗೆ ಹೆಚ್ಚಿನವರು ಮೊದಲು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುತ್ತಾರೆ. ದುಡ್ಡು ದಂಡ. ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯದಂತೆ ಹಿಡಿಯುವುದಷ್ಟೇ ಶಾಕ್‌ನ ಕೆಲಸ. ಗ್ಯಾಸ್ ತುಂಬಿದ ಶಾಕ್ ಹಾಕಿದರೂ ಏರುವ ಎತ್ತರ ಕೆಲವೇ ಮಿಲಿಮೀಟರ್.

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಟೈರುಗಳ ಗಾಳಿ ಸರಿಮಾಡಿ, ಹಿಂಭಾಗವನ್ನು ನಾಲ್ಕೈದು ಸಲ ಅದುಮಿ ಬಿಡಿ. ಈಗ ಚಕ್ರದ ಹಬ್‌ನ ನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಳತೆಯನ್ನು ಕಾರಿನ ಕೈಪಿಡಿಯ ಜತೆ ಅಥವಾ ಅದೇ ಮಾದರಿಯ ಒಳ್ಳೆಯ ಕಾರಿನ ಜತೆ ಹೋಲಿಸಿ. ಎಡಬಲ ಎರಡೂ ಒಂದೇ ಸಮ ಇಳಿದಿದ್ದರೆ ವಯಸ್ಸಿನ ಕುಸಿತ. ಒಂದೇ ಬದಿ ಹೆಚ್ಚು ಇಳಿದಿದ್ದರೆ ಸ್ಪ್ರಿಂಗ್ ಮುರಿದಿರುವ ಅನುಮಾನ. ಸುರುಳಿ ಸ್ಪ್ರಿಂಗ್ ಮುರಿಯುವುದು ಸಾಮಾನ್ಯವಾಗಿ ಕೆಳಗಿನ ಕೊನೆಯ ಸುತ್ತಿನಲ್ಲಿ. ನೀರು, ಮರಳು ನಿಲ್ಲುವುದು ಅಲ್ಲೇ. ಮುರಿದ ತುಂಡು ಸ್ಪ್ರಿಂಗಿನ ಸೀಟಿನೊಳಗೇ (ಸ್ಪ್ರಿಂಗ್ ಕೂರುವ ತಟ್ಟೆಯೊಳಗೇ) ಕೂತಿರುವುದರಿಂದ ಟಾರ್ಚ್ ಹಿಡಿದು ನೋಡದೆ ಕಾಣದು. ಸ್ಪ್ರಿಂಗ್ ಕೂರುವ ತಗಡೇ ತುಕ್ಕು ಹಿಡಿದು ಬಾಗಿದ್ದರೆ ಈ ಲೇಖನ ಪಕ್ಕಕ್ಕಿಡಿ, ಅದು ವೆಲ್ಡಿಂಗ್ ಕೆಲಸ.

ಕುಸಿದ ಸ್ಪ್ರಿಂಗ್ ಬಿಗಿ ಕಳೆದುಕೊಂಡಿದೆ ಎಂದು ಜನ ತಿಳಿಯುತ್ತಾರೆ. ನಿಜಕ್ಕೂ ಅದು ಕಳೆದುಕೊಂಡಿರುವುದು ಉದ್ದವನ್ನು. ಬಿಗಿ ಬಹುಪಾಲು ಹಾಗೇ ಇರುತ್ತದೆ. ಆದ್ದರಿಂದ ಮುರಿಯದ, ತುಕ್ಕು ತಿನ್ನದ ಸ್ಪ್ರಿಂಗಿಗೆ ಹೋದಷ್ಟು ಉದ್ದವನ್ನು ರಬ್ಬರ್ ಅಥವಾ ಪಾಲಿಯುರೆಥೇನ್ ಸ್ಪೇಸರ್ (ದಪ್ಪ ಬಿಲ್ಲೆ) ಇಟ್ಟು ತುಂಬಿಕೊಡುವುದು ಜುಗ್ಗತನವಲ್ಲ, ನ್ಯಾಯವಾದ ರಿಪೇರಿಯೇ. ಹೋದದ್ದಕ್ಕಿಂತ ಹೆಚ್ಚು ಎತ್ತುವ ಆಸೆ ಮಾತ್ರ ಬೇಡ. ಶಾಕ್ ಪೂರ್ತಿ ಎಳೆದುಕೊಂಡು ಹಳ್ಳಕ್ಕಿಳಿದಾಗಲೆಲ್ಲ ಬಡಿಯುತ್ತದೆ. ಸುರುಳಿಯ ಸುತ್ತುಗಳ ನಡುವೆ ತುರುಕುವ ಅಗ್ಗದ ರಬ್ಬರ್ ಬಳೆಯೂ ಬೇಡ. ಅದು ಒಂದೆರಡು ಸುತ್ತನ್ನು ಕಟ್ಟಿಹಾಕುತ್ತದೆ, ಅವುಗಳ ಪಾಲಿನ ಕೆಲಸ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ, ಹಳೆಯ ಉಕ್ಕು ಅಲ್ಲೇ ಬಿರುಕು ಬಿಡುತ್ತದೆ.

ಸ್ಪೇಸರಿನ ದಪ್ಪಕ್ಕೆ ಚಿಕ್ಕ ಲೆಕ್ಕವಿದೆ. ಹಿಂದಿನ ಚಕ್ರವನ್ನು ಬಾಡಿಗೆ ಜೋಡಿಸುವ ತೋಳು ತಿರುಗುವ ಬೋಲ್ಟಿನಿಂದ ಚಕ್ರದ ನಡುವಿಗೆ 400 ಮಿ.ಮೀ., ಸ್ಪ್ರಿಂಗಿಗೆ 300 ಮಿ.ಮೀ. ದೂರವಿದ್ದರೆ, 15 ಮಿ.ಮೀ. ಸ್ಪೇಸರ್ ಕಾರನ್ನು ಸುಮಾರು 20 ಮಿ.ಮೀ. ಎತ್ತುತ್ತದೆ. ಎರಡೂ ಬದಿಗೆ ಒಂದೇ ದಪ್ಪ.

ಸ್ಪ್ರಿಂಗ್ ಮತ್ತು ಶಾಕ್ ಬೇರೆಬೇರೆಯಾಗಿರುವ ಕಾರಿನಲ್ಲಿ ಕೆಲಸ ಹೀಗೆ. ಹಿಂದಿನ ದಿನವೇ ಶಾಕ್‌ನ ಕೆಳ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಅಡ್ಡ ಕೊಟ್ಟು ಗೇರಿನಲ್ಲಿಡಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವೇ ಗಾಳಿಯಲ್ಲಿದ್ದಾಗ ಅದರಿಂದ ಏನೂ ಆಗದು. ಚಕ್ರದ ನಟ್ಟುಗಳನ್ನು ನೆಲದ ಮೇಲೇ ಸಡಿಲಿಸಿ, ಜಾಕ್ ಎತ್ತಿ, ಬಾಡಿಯ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ.

ಚಕ್ರ ಬಿಚ್ಚಿ, ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ ಬೀಮ್ ಕೆಳಗೆ ಜಾಕ್ ಆನಿಸಿ, ಎರಡೂ ಶಾಕ್‌ಗಳ ಕೆಳ ಬೋಲ್ಟು ತೆಗೆಯಿರಿ. ಜಾಕನ್ನು ನಿಧಾನ ಇಳಿಸುತ್ತಾ ಕಣ್ಣನ್ನು ಬ್ರೇಕ್ ಹೋಸಿನ ಮೇಲಿಡಿ. ಅದು ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ, ಕ್ಲಿಪ್ ಬಿಚ್ಚಿ ಸಡಿಲ ಕೊಡಿ. ಸ್ಪ್ರಿಂಗ್ ಕೈಯಲ್ಲೇ ಬರಬೇಕು, ಸಲಾಕೆ ಹಾಕಿ ಮೀಟುವಂತಿಲ್ಲ. ಸೀಟನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬಣ್ಣ ಬಳಿಯಿರಿ. ಹಳೆಯ ರಬ್ಬರ್ ಪ್ಯಾಡ್ ಹರಿದಿದ್ದರೆ ಹೊಸದು ಹಾಕಿ. ಎಷ್ಟೋ ಸಲ ಕುಸಿತದ ಸ್ವಲ್ಪ ಪಾಲು ಅದರದ್ದೇ. ಮೇಲ್ಗಡೆ ಸ್ಪೇಸರ್ ಇಟ್ಟು ಸ್ಪ್ರಿಂಗ್ ಕೂರಿಸುವಾಗ ಅದರ ತುದಿ ಕೆಳ ಸೀಟಿನ ಮೆಟ್ಟಿಲಿಗೆ ತಾಗಿರಲಿ. ಬೆರಳು ಹಾಕಿ ಮುಟ್ಟಿ ನೋಡಿ. ತಪ್ಪಿದರೆ ಮೊದಲ ತಿರುವಿನಲ್ಲೇ ಸ್ಪ್ರಿಂಗ್ ಟಣ್ ಎಂದು ಜಾರಿ, ಒಂದು ಬದಿ ಮತ್ತೆ ತಗ್ಗುತ್ತದೆ.

ಬೀಮ್ ಎತ್ತಿ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸುವಷ್ಟೇ ಹಾಕಿ. ಪೂರ್ತಿ ಬಿಗಿ ಮಾಡುವುದು ಕಾರಿನ ಭಾರ ಚಕ್ರಗಳ ಮೇಲೆ ಕೂತ ನಂತರ, ಕೈಪಿಡಿಯಲ್ಲಿರುವ ಟಾರ್ಕಿಗೆ (ಬಿಗಿತದ ಅಳತೆಗೆ). ತೂಗಾಡುತ್ತಿರುವಾಗಲೇ ಬಿಗಿದರೆ ಬೋಲ್ಟಿನ ಸುತ್ತಲಿನ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಸ್ಪ್ರಿಂಗ್ ಶಾಕ್‌ನ ಸುತ್ತಲೇ ಅದುಮಿ ಕೂತಿದ್ದರೆ ಮನೆಯಲ್ಲಿ ಬಿಚ್ಚಬೇಡಿ. ಸಿಡಿದರೆ ಜೀವ ಹೋಗುತ್ತದೆ.

ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿನ) ಕಾರಿಗೆ ಪಟ್ಟಿಗಳನ್ನು ಬಡಿಸಿ ಮತ್ತೆ ಬಾಗಿಸುವುದು ಅಗ್ಗ, ಆದರೆ ಅದು ಬಾಳುವುದು ಕಡಿಮೆ. ಒಂದು ಪಟ್ಟಿ ಹೆಚ್ಚು ಸೇರಿಸುವುದು ಮೇಲು, ಸವಾರಿ ತುಸು ಗಡುಸಾಗುತ್ತದೆ. ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟು ಹೊಸದಾಗಿರಲಿ, ದಪ್ಪವಾದ ಕಟ್ಟಿಗೆ ಸಾಲುವಷ್ಟು ಉದ್ದವಿರಲಿ. ಪಟ್ಟಿಗಳ ನಡುವಿನ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಕೂರದಿದ್ದರೆ ಆಕ್ಸಲ್ ಓರೆಯಾಗಿ ಕಾರು ಒಂದು ಬದಿಗೆ ಎಳೆಯುತ್ತದೆ. ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಬಾಡಿಗೆ ಜೋಡಿಸುವ ಕೊಂಡಿ) ಹಾಕುವುದಾದರೆ, ಅದು 20 ಮಿ.ಮೀ. ಬೆಳೆದರೆ ಕಾರು ಏರುವುದು ಸುಮಾರು 10 ಮಿ.ಮೀ. ಮಾತ್ರ.

ಎತ್ತರ ಸಿಕ್ಕಿತೆಂದು ಕೀಲಿ ತಿರುಗಿಸುವ ಮುನ್ನ ಮತ್ತೊಮ್ಮೆ ಕಾರಿನ ಕೆಳಗೆ ಬಗ್ಗಿ. ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಬ್ರೇಕಿನ ವಾಲ್ವೊಂದಕ್ಕೆ ಸಣ್ಣ ಸರಳು ಹೋಗಿರುತ್ತದೆ. ಕಾರು ಎಷ್ಟು ತಗ್ಗಿದೆ ಎಂಬುದನ್ನು ನೋಡಿಯೇ ಆ ವಾಲ್ವ್ ಭಾರ ಅಂದಾಜಿಸುವುದು. ಸ್ಪೇಸರ್ ಇಟ್ಟಮೇಲೆ ತುಂಬಿದ ಕಾರನ್ನೂ ಖಾಲಿ ಎಂದುಕೊಂಡು ಹಿಂದಿನ ಬ್ರೇಕನ್ನು ಕಡಿಮೆ ಮಾಡಬಹುದು, ಸರಳನ್ನು ಕೈಪಿಡಿಯಂತೆ ಹೊಂದಿಸಬೇಕು. ಹಿಂಭಾಗ ಏರಿದಷ್ಟು ಹೆಡ್‌ಲೈಟ್ ನೆಲ ನೋಡುತ್ತದೆ, ಅದನ್ನೂ ತಿದ್ದಿ. 100 ಕಿ.ಮೀ. ಓಡಿಸಿದ ಮೇಲೆ ಯು-ಬೋಲ್ಟು, ಶಾಕ್ ಬೋಲ್ಟು, ಚಕ್ರದ ನಟ್ಟು ಮತ್ತೆ ಬಿಗಿದು, ಅದೇ ಜಾಗದಲ್ಲಿ ಟೇಪು ಹಿಡಿದು ನೋಡಿ. ಹೊಸ ರಬ್ಬರ್ ಒಂದೆರಡು ಮಿಲಿಮೀಟರ್ ಕೂತಿರುತ್ತದೆ.