ಕಾಂಪೌಂಡ್ ಪಕ್ಕ ಮರ ನೆಡುವ ಮುಂಚೆ ಪಕ್ಕದ ಮನೆಗೆ ಹೋಗಿ ಬನ್ನಿ

ಜೂನ್‌ನಲ್ಲಿ ಎರಡು ಮಳೆ ಬಿತ್ತು ಅಂದರೆ ಸಾಕು, ನಮ್ಮ ಬೀದಿಯಲ್ಲಿ ಯಾರಾದರೊಬ್ಬರು ಸಸಿ ತಂದೇ ತರುತ್ತಾರೆ. ಲಾಲ್‌ಬಾಗ್ ನರ್ಸರಿಯಿಂದಲೋ, ಅದರ ಹಿಂದಿನ ಸಿದ್ದಾಪುರದಿಂದಲೋ. ಕಪ್ಪು ಕವರಿನಲ್ಲಿ ಎರಡಡಿ ಗಿಡ, ಆರೇಳು ಎಲೆ. ಎಲ್ಲಿ ನೆಟ್ಟರೂ ನಡೆಯುತ್ತೆ ಅನಿಸುತ್ತದೆ. ಮುಂದೆ ಕಾರು ನಿಲ್ಲಬೇಕು, ಹಿಂದೆ ಬಟ್ಟೆ ಒಣಗಬೇಕು. ಕೊನೆಗೆ ಗಿಡ ಹೋಗಿ ಕಾಂಪೌಂಡ್ ಮೂಲೆ ಸೇರುತ್ತದೆ.

ನಾನೂ ಹಾಗೇ ಮಾಡಿದ್ದೆ. ಜಯನಗರದ ಈ ಮನೆಗೆ 1989ರಲ್ಲಿ ಬಂದೆವು. ಬಂದ ವರ್ಷವೇ ಹಿತ್ತಲಲ್ಲಿ ಆಕಾಶ ಮಲ್ಲಿಗೆ ನೆಟ್ಟೆ, ಗೋಡೆಯಿಂದ ಎರಡೇ ಅಡಿ ದೂರಕ್ಕೆ. ಸರಸರ ಬೆಳೆಯಿತು. ದೀಪಾವಳಿ ಹೊತ್ತಿಗೆ ಎರಡೂ ಮನೆ ಅಂಗಳ ಬೆಳ್ಳಗೆ. ಪಕ್ಕದ ಮನೆಯ ಅಜ್ಜಿ ಬೆಳಗ್ಗೆ ಎದ್ದು ಆ ಹೂವನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಹತ್ತು ಹನ್ನೆರಡು ವರ್ಷ ಆದ ಮೇಲೆ ಒಂದು ದಿನ ಅವರ ಬಚ್ಚಲಿನ ನೀರು ಹೋಗದೆ ನಿಂತಿತು. ಪ್ಲಂಬರ್ ಚೇಂಬರ್ ಮುಚ್ಚಳ ಎತ್ತಿ, ಕೈ ಹಾಕಿ ಎಳೆದ. ಕುದುರೆ ಬಾಲದ ಹಾಗೆ ಮೂರಡಿ ಉದ್ದದ ಬೇರಿನ ಗೊಂಚಲು ಈಚೆ ಬಂತು. ಕಂದು ಬಣ್ಣ, ಮೈತುಂಬಾ ಸೋಪಿನ ಲೋಳೆ. ಅಜ್ಜಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಗಟ್ಟಿಯಾಗಿರುವ ಪೈಪನ್ನು ಒಡೆದುಕೊಂಡು ಬೇರು ಒಳಗೆ ಹೋಗುವುದು ಅಪರೂಪ. ಹಳೇ ಬಡಾವಣೆಗಳಲ್ಲಿ ಇರುವುದು ಜೇಡಿಮಣ್ಣಿನ ಪೈಪು. ಅದರ ಜಾಯಿಂಟಿನ ಸಿಮೆಂಟು ಉದುರಿ ತೇವ ಒಸರುತ್ತಿರುತ್ತದೆ. ಕೂದಲಿನಂಥ ಬೇರು ಆ ತೇವ ಹುಡುಕಿಕೊಂಡು ಬಂದು, ಸಂದಿಯಲ್ಲಿ ನುಗ್ಗಿ, ಒಳಗೆ ದಪ್ಪ ಆಗುತ್ತದೆ. ಸಂಪ್ ಗೋಡೆಯ ಬಿರುಕಿಗೂ ಇದೇ ಗತಿ. ಬರೀ ಬೇರು ಕತ್ತರಿಸಿದರೆ ಒಂದೆರಡು ಮಳೆಗಾಲಕ್ಕೆ ಮತ್ತೆ ಬರುತ್ತದೆ. ಸೋರಿಕೆ ನಿಲ್ಲಿಸಬೇಕು. ನಾನು ನನ್ನ ಖರ್ಚಿನಲ್ಲೇ ಅವರ ಪೈಪ್ ಪೂರ್ತಿ ಪಿವಿಸಿ ಮಾಡಿಸಿಕೊಟ್ಟೆ. ಆದರೂ ಆಕಾಶ ಮಲ್ಲಿಗೆ ಬೇರಿನಿಂದ ಅವರ ಅಂಗಳದಲ್ಲಿ ಮರಿಗಿಡ ಏಳುವುದು ನಿಲ್ಲಲಿಲ್ಲ. ಕೊನೆಗೆ ಅನುಮತಿ ಪಡೆದು ಮರ ತೆಗೆಸಿದೆ. ಅದನ್ನು ಬೀಳಿಸಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆಮೇಲೆ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಗುಂಡಿ ತೋಡುವ ಮುಂಚೆ ಪಕ್ಕದ ಮನೆಗೆ ಹೋಗಿ, ಕಾಫಿ ಕುಡಿದು, ಅವರ ಹಿತ್ತಲು ನೋಡಿ ಬನ್ನಿ. ಅವರ ಚೇಂಬರ್ ಎಲ್ಲಿದೆ, ಸಂಪ್ ಎಲ್ಲಿದೆ, ಯಾವ ಕಿಟಕಿಯಿಂದ ಬೆಳಕು ಬರುತ್ತೆ, ಸಂಡಿಗೆ ಎಲ್ಲಿ ಒಣಗಿಸುತ್ತಾರೆ, ಇದೆಲ್ಲ ಗೋಡೆಯ ಈಚೆ ನಿಂತರೆ ಗೊತ್ತಾಗುವುದಿಲ್ಲ.

ಸೋಲಾರ್ ಹೀಟರ್ ಇದ್ದರಂತೂ ಕೇಳಲೇಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮೂರಲ್ಲಿ ಡಿಸೆಂಬರ್ ನಡುಮಧ್ಯಾಹ್ನದಲ್ಲೂ 30 ಅಡಿ ಮರದ ನೆರಳು ಉತ್ತರಕ್ಕೆ 20 ಅಡಿಗಿಂತ ಜಾಸ್ತಿ ಚಾಚುತ್ತದೆ. ನಿಮ್ಮ ಉತ್ತರದ ಗೋಡೆ ಪಕ್ಕ ಎತ್ತರದ ಮರ ನೆಟ್ಟರೆ, ಬಿಸಿನೀರು ತೀರಾ ಬೇಕಾದ ತಿಂಗಳಲ್ಲೇ ಅವರ ಪ್ಯಾನೆಲ್ ಮೇಲೆ ನೆರಳು ಬೀಳಬಹುದು.

ಇನ್ನು ದೂರದ ಲೆಕ್ಕ. ತಾಯಿಬೇರು ಪಾತಾಳಕ್ಕೆ ಇಳಿಯುತ್ತೆ, ಪಕ್ಕಕ್ಕೆ ಏನೂ ಆಗಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಮರದ ಬೇರಲ್ಲಿ ಹೆಚ್ಚಿನ ಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ, ಕೊಂಬೆಯ ಹರವಿಗಿಂತ ಆಚೆಗೂ ಹೋಗುತ್ತದೆ. ಕರಿಬೇವು, ದಾಳಿಂಬೆ, ನಿಂಬೆ, ಪಾರಿಜಾತ, ನಂದಿಬಟ್ಟಲು ಆದರೆ ಗೋಡೆಯಿಂದ ನಾಲ್ಕೈದು ಅಡಿ ಬಿಡಿ. ಸೀಬೆ, ಬೆಟ್ಟದ ನೆಲ್ಲಿಗೆ ಎಂಟು ಹತ್ತು ಅಡಿ. ಮಾವು, ಹಲಸು, ನೇರಳೆ, ಸಂಪಿಗೆಗೆ ಇಪ್ಪತ್ತಡಿಯಾದರೂ ಬೇಕು. 30-40 ಸೈಟಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು, ಅಲ್ವಾ? ಅಂಥ ಮರದ ಆಸೆ ಇದ್ದರೆ ಪಾರ್ಕಿನಲ್ಲಿ ನೆಡಿಸಿ, ನೀವೇ ನೀರು ಹಾಕಿ ಸಾಕಿ. ಮಳೆಮರ, ಗುಲ್‌ಮೊಹರ್ ರಸ್ತೆಗೆ ಚೆಂದ, ಹಿತ್ತಲಿಗೆ ಬೇಡ. ನುಗ್ಗೆ ಚಿಕ್ಕ ಮರವೇ, ಆದರೆ ಕೊಂಬೆ ಬಹಳ ಪೆಳಸು. ಕಂಬಳಿಹುಳದ ಕಾಲದಲ್ಲಿ ಹುಳ ಪಕ್ಕದವರ ಗೋಡೆಯನ್ನೂ ಹತ್ತುತ್ತದೆ. ಗೋಡೆಗೆ ಅಂಟಿಸಿ ನೆಡಬೇಡಿ.

ಮರ ಆಗಲೇ ಬೆಳೆದು ನಿಂತಿದ್ದರೆ? ಮಾತು ಕೊಂಬೆಯಿಂದಲೇ ಶುರುವಾಗುವುದು. ಅವರ ಸಜ್ಜೆಯ ಮೇಲೆ, ಮಳೆನೀರಿನ ಪೈಪಿನ ಬಾಯಿಯಲ್ಲಿ ಎಲೆ ಕಟ್ಟಿಕೊಳ್ಳುತ್ತದೆ. ಏಪ್ರಿಲ್ ಮಳೆಗೆ ಮುಂಚೆ ನೀವೇ ಒಬ್ಬರನ್ನು ಕರೆಸಿ ಎರಡೂ ಕಡೆ ಗುಡಿಸಿಸಿಕೊಡಿ. ಇನ್ನೂರು ಮುನ್ನೂರು ರೂಪಾಯಿಗೆ ಮುಖ ನೋಡಿ ಮಾತಾಡುವ ಸಂಬಂಧ ಉಳಿಯುತ್ತದೆ.

ಸಣ್ಣ ರೆಂಬೆ ಸವರುವುದು ಬೇರೆ, ದೊಡ್ಡ ಕೊಂಬೆ ಕಡಿಯುವುದು ಬೇರೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ನಮ್ಮ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ. ಅದರಲ್ಲಿ ಕಡಿಯುವುದು ಅಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ಕೊಂಬೆ ಬೋಳಿಸುವುದು, ಸುತ್ತ ತೊಗಟೆ ಸುಲಿಯುವುದು, ಸುಡುವುದೂ ಸೇರುತ್ತದೆ. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಿ. ಎರಡೂ ಮನೆಯವರು ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು, ಆಮೇಲೆ ಯಾರ ಮೇಲೆ ಯಾರೂ ದೂರು ಹೇಳುವ ಹಾಗಿರುವುದಿಲ್ಲ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಕೆಲಸದವನನ್ನು ಸುಮ್ನೆ ಏಣಿ ಹತ್ತಿಸಬೇಡಿ, ಜೀವದ ವಿಷಯ.

ಕೊಂಬೆ ತೆಗೆಸುವಾಗ ಎದುರಿಗೇ ನಿಂತಿರಿ. ಮೊದಲು ಕೆಳಗಡೆಯಿಂದ ಅರ್ಧಂಬರ್ಧ ಗರಗಸ ಹಾಕಬೇಕು, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ. ಹಾಗೆ ಮಾಡದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಪಕ್ಕದವರ ಕಡೆಯದನ್ನಷ್ಟೇ ಬೋಳಿಸಿದರೆ ಮರ ನಮ್ಮ ಕಡೆ ವಾಲುತ್ತದೆ. ಗೋಡೆ ಕಟ್ಟಲು ಪಾಯ ತೋಡುವಾಗ ಒಂದು ಪಕ್ಕದ ದಪ್ಪ ಬೇರನ್ನೆಲ್ಲ ಕಡಿದು ಹಾಕುತ್ತಾರಲ್ಲ, ಅದು ಇನ್ನೂ ಅಪಾಯ. ಅಂಥ ಮರಕ್ಕೆ ಮೇ ತಿಂಗಳ ಬಿರುಗಾಳಿ ತಡೆಯುವ ಶಕ್ತಿ ಇರುವುದಿಲ್ಲ. ಬೇರು ಬಂದ ಜಾಗದಲ್ಲಿ ಪಾಯದ ಮೇಲೊಂದು ತೊಲೆ ಹಾಯಿಸಿ, ಕೆಳಗೆ ಸಂದಿ ಬಿಡಿ. ಕಾಂಡ ಗೋಡೆಗೆ ತಾಗುವಷ್ಟು ಬೆಳೆದಿದ್ದರೆ ಅಷ್ಟು ಭಾಗದ ಇಟ್ಟಿಗೆ ಬಿಚ್ಚಿ ಗ್ರಿಲ್ ಹಾಕಿಸಬಹುದು. ನಮ್ಮ ಬೀದಿಯ ತಿರುವಿನ ಮನೆಯವರು ಒಂದು ಹೊಂಗೆಗೆ ಹಾಗೇ ಮಾಡಿ ಉಳಿಸಿಕೊಂಡಿದ್ದಾರೆ.

ನಾವು ನೆಡದೇ ಬರುವ ಮರವೂ ಇದೆ. ಹಣ್ಣು ತಿಂದ ಹಕ್ಕಿಗಳು ಹಾಕಿದ ಅರಳಿ, ಆಲದ ಬೀಜ ಗೋಡೆ ಬಿರುಕಲ್ಲಿ, ಪ್ಯಾರಾಪೆಟ್ ಸಂದಿಯಲ್ಲಿ ಮೊಳೆಯುತ್ತದೆ. ಎರಡೆಲೆ ಇರುವಾಗ ಬೆರಳಲ್ಲೇ ಕಿತ್ತು ಬರುತ್ತದೆ. ಒಂದು ವರ್ಷ ಬಿಟ್ಟರೆ ಗೋಡೆ ಒಡೆಯದೆ ಬೇರು ಬರುವುದಿಲ್ಲ. ಆದರೆ ನಿಮ್ಮ ಮನೆಯ ಆಚೆ ಬದಿಯ ಗೋಡೆ ಕಾಣುವುದು ಪಕ್ಕದವರಿಗೇ. ಕಂಡರೆ ಒಂದು ಕೂಗು ಹಾಕಿ ಅಂತ ಹೇಳಿಡಿ. ಅವರ ಗೋಡೆಯಲ್ಲಿ ನಿಮಗೆ ಕಂಡರೆ ನೀವೂ ಹೇಳಿ.