"ಮಿಸ್, ಈಗೇನು ಮಾಡ್ಲಿ?" ನಿಂತದ್ದು ಹೀಗೆ

ನಮ್ಮದು ನಲಿ-ಕಲಿ ತರಗತಿ. 1ರಿಂದ 3ನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಓದುವ ಹೊತ್ತಿನಲ್ಲಿ ನಾನು ಒಂದು ಗುಂಪಿನ ಜೊತೆ ಕೂತರೆ ಸಾಕು, ಉಳಿದವರು ಬಂದು ಸೆರಗು ಎಳೆಯುತ್ತಿದ್ದರು: "ಮಿಸ್, ಈಗೇನು ಮಾಡ್ಲಿ?"

ಕೇಳದೆ ಇನ್ನೇನು ಮಾಡ್ತಾರೆ? ಪುಸ್ತಕಗಳೆಲ್ಲ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ.

ಮಕ್ಕಳ ಕೈಗೆಟುಕುವಂತೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಪುಸ್ತಕ ನೇತುಹಾಕಿದೆ. ಒಬ್ಬರೇ ಓದಬಹುದು, ಜೋಡಿಯಾಗಿ ಓದಬಹುದು, ಇಲ್ಲ ಬರೆಯಬಹುದು. ಮೊದಲು 6 ಆಯ್ಕೆ ಇಟ್ಟಿದ್ದೆ, ಜಾಸ್ತಿ ಆಯ್ತು. ಹೀಗೆ ತಾವಾಗಿಯೇ ಓದುವ, ಬರೆಯುವ ಹೊತ್ತು ಶುರುವಿನಲ್ಲಿ 5 ನಿಮಿಷ, ಈಗ 20. ಪದ ತಿಳಿಯದಿದ್ದರೆ ಮೊದಲು ಪಕ್ಕದವರನ್ನು ಕೇಳಬೇಕು, ಆಮೇಲೆ ನನ್ನನ್ನು.

ಮೊನ್ನೆ, ಒತ್ತಕ್ಷರಕ್ಕೆ ಹೆದರುವ ಹುಡುಗ ಮೂರನೇ ಸಲ ಅದೇ ಪುಸ್ತಕ ತೆಗೆದ. ಬೇರೆ ತಗೋ ಅನ್ನಲು ಹೋದವಳು ಸುಮ್ಮನಾದೆ. 'ಅಜ್ಜಿ'ಯ ಒತ್ತಿನ ಮೇಲೆ ಬೆರಳಿಟ್ಟು, ಪಕ್ಕದ ಪುಟ್ಟಿಗೆ ಓದಿ ತೋರಿಸುತ್ತಿದ್ದ.