ಪ್ರೆನ್ಸ್‌ಲಾವರ್ ಬೆರ್ಗ್ ನೋಡೋದಾದರೆ ಅಂಗಳದೊಳಗೆ ಹೋಗಿ

ಬರ್ಲಿನ್‌ಗೆ ನೆಂಟರು ಬಂದರೆ ನಾನು ಒಂದು ಮಧ್ಯಾಹ್ನವನ್ನು ಹಳೇ ಬಡಾವಣೆ ಪ್ರೆನ್ಸ್‌ಲಾವರ್ ಬೆರ್ಗ್‌ಗೆ ಎತ್ತಿಡುತ್ತೇನೆ. ಯು2 ರೈಲು ಹತ್ತಿ ಸೆನೆಫೆಲ್ಡರ್‌ಪ್ಲಾಟ್ಸ್‌ನಲ್ಲಿ ಇಳಿಯಿರಿ. ಶನಿವಾರ ಬೇಡ, ಅವತ್ತು ದಾರಿಯಲ್ಲಿರುವ ಯಹೂದಿ ಸ್ಮಶಾನ ಮುಚ್ಚಿರುತ್ತದೆ.

ನಿಲ್ದಾಣದ ಪಕ್ಕದಲ್ಲೇ ಕಲ್ಲಿನ ಮೇಲೆ ಉಲ್ಟಾ ಬರೆದು ಮುದ್ರಿಸುವ ಕಲ್ಲಚ್ಚು ಕಂಡುಹಿಡಿದ ಅಲೋಯಿಸ್ ಸೆನೆಫೆಲ್ಡರ್ ಪ್ರತಿಮೆಯಿದೆ. ಪೀಠದ ಬಳಿ ಒಂದು ಮಗು ಅವನ ಹೆಸರನ್ನು ಉಲ್ಟಾ ಬರೆಯುತ್ತಿದೆ, ಇನ್ನೊಂದು ಕನ್ನಡಿ ಹಿಡಿದಿದೆ. ಮಕ್ಕಳನ್ನು ಕರೆದೊಯ್ದಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ.

ಮುಂದೆ ಶ್ಯೋನ್‌ಹೌಸರ್ ಆಲೀ ರಸ್ತೆಯಲ್ಲೇ ಸ್ಮಶಾನ. 1827ರದ್ದು. ಚಿತ್ರಕಾರ ಮ್ಯಾಕ್ಸ್ ಲೀಬರ್‌ಮಾನ್ ಸಮಾಧಿ ಇಲ್ಲಿದೆ. ಗಂಡಸರು ತಲೆ ಮುಚ್ಚಬೇಕು, ಟೋಪಿ ಇಟ್ಟುಕೊಂಡಿರಿ.

ಈಗ ಬಡಾವಣೆಯ ಒಳಗೆ ನಡೆಯಿರಿ. 19ನೇ ಶತಮಾನದ ಕೊನೆಯಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದವರಿಗಾಗಿ ಎದ್ದ ಐದಂತಸ್ತಿನ ಮನೆಗಳಿವು. ಬೀದಿಗೆ ಕಾಣುವ ಮುಖ ಚೆಂದ. ಹಿಂದೆ ಅಂಗಳ, ಅದರ ಹಿಂದೆ ಇನ್ನೊಂದು ಮನೆ, ಮತ್ತೆ ಅಂಗಳ. ನಾನು ವಠಾರದಲ್ಲಿ ಬೆಳೆದವಳು, ಮೊದಲ ಸಲ ನೋಡಿದಾಗಲೇ ಇದು ವಠಾರ ಅನ್ನಿಸಿತು. ಆದರೆ ಬಿಸಿಲೇ ಇಳಿಯದ ವಠಾರ. ಆಗಿನ ಕಟ್ಟಡ ನಿಯಮಕ್ಕೆ ಅಂಗಳ ಕನಿಷ್ಠ 5.34 ಮೀಟರ್ ಉದ್ದ, ಅಷ್ಟೇ ಅಗಲ ಇದ್ದರೆ ಸಾಕಿತ್ತು. ಬೆಂಕಿ ಆರಿಸುವ ಗಾಡಿ ತಿರುಗಲು ಅಷ್ಟು ಬೇಕಿತ್ತು, ಅದೇ ಲೆಕ್ಕ. ಗೇಟು ತೆರೆದಿದ್ದರೆ ಒಳಗೆ ಹೋಗಿ, ಮೆತ್ತಗೆ ಮಾತಾಡಿ, ಕತ್ತೆತ್ತಿ ಆಕಾಶ ನೋಡಿ.

ನಂತರ ರಿಕೆಸ್ಟ್ರಾಸೆ ಬೀದಿ. 1904ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಬೀದಿಬದಿ ಮನೆಯ ಹಿಂದೆ, ಅಂಗಳದಲ್ಲಿದೆ. 1938ರ ನವೆಂಬರ್‌ನಲ್ಲಿ ನಾಜಿಗಳು ಒಳಗೆಲ್ಲ ಒಡೆದು ಹಾಕಿದರು. ಸುಟ್ಟುಹಾಕಲಿಲ್ಲ, ಯಾಕೆಂದರೆ ಸುತ್ತಲಿನ ಮನೆಗಳಿಗೂ ಬೆಂಕಿ ಹತ್ತುತ್ತಿತ್ತು. ಬಡವರನ್ನು ಒತ್ತೊತ್ತಾಗಿ ತುಂಬಿದ ಅದೇ ಕಟ್ಟಡಗಳ ಸಾಲು ಇದನ್ನು ಉಳಿಸಿತು. ಈ ಗೇಟಿನ ಮುಂದೆ ನನಗೆ ಪ್ರತಿ ಸಲವೂ ಮಾತು ನಿಲ್ಲುತ್ತದೆ.

ಎದುರಿಗೇ 1877ರ ದುಂಡನೆಯ ನೀರಿನ ಗೋಪುರ. ಈಗಲೂ ಅದರಲ್ಲಿ ಸಂಸಾರಗಳಿವೆ. ಫೋಟೋ ತೆಗೆದು ಹೊರಟುಬಿಡಬೇಡಿ. 1933ರಲ್ಲಿ ಪಕ್ಕದ ಯಂತ್ರದ ಮನೆಯಲ್ಲಿ ನಾಜಿಗಳು ಜನರನ್ನು ಕೂಡಿಹಾಕಿ ಹಿಂಸಿಸಿದರು.

ಕೋಲ್ವಿಟ್ಸ್‌ಪ್ಲಾಟ್ಸ್ ಚೌಕ ಇಲ್ಲಿಂದ ಎರಡೇ ನಿಮಿಷ. ಕಲಾವಿದೆ ಕೇಟೆ ಕೋಲ್ವಿಟ್ಸ್ 1891ರಿಂದ ಐವತ್ತು ವರ್ಷಕ್ಕೂ ಜಾಸ್ತಿ ಇಲ್ಲೇ ಬದುಕಿದರು. ಗಂಡ ಬಡವರ ಡಾಕ್ಟರು. ಆ ಅಂಗಳಗಳ ಹೆಂಗಸರು, ಮಕ್ಕಳು ಅವರ ಚಿತ್ರಗಳಲ್ಲಿದ್ದಾರೆ. ಮಗ ಪೀಟರ್ 1914ರ ಯುದ್ಧದಲ್ಲಿ ಸತ್ತ. ಮನೆ 1943ರಲ್ಲಿ ಬಾಂಬಿಗೆ ಹೋಯಿತು. ಪಾರ್ಕಿನಲ್ಲಿ ಅವರ ಪ್ರತಿಮೆ ಕೂತಿದೆ. ಮಕ್ಕಳು ಅದರ ತೊಡೆ ಹತ್ತಿ ಆಡುತ್ತಾರೆ. ಹತ್ತಲಿ, ಬಿಡಿ.

ದಾರಿಯುದ್ದಕ್ಕೂ ನೆಲ ನೋಡಿಕೊಂಡು ನಡೆಯಿರಿ. ಅಂಗೈಯಗಲದ ಹಿತ್ತಾಳೆ ಕಲ್ಲುಗಳು ಸಿಗುತ್ತವೆ. ‘ಇಲ್ಲಿ ವಾಸವಿದ್ದರು’ ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ನಾಜಿಗಳು ಎಲ್ಲಿಗೆ ಒಯ್ದರು ಎಂಬುದು ಇರುತ್ತದೆ. ಬಗ್ಗಿ ಓದಿ.

ಕೊನೆಗೆ ಹಳೇ ಬಿಯರ್ ಕಾರ್ಖಾನೆ ಕುಲ್ಟೂರ್‌ಬ್ರೌವರೈ ದಾಟಿ ಎಬರ್ಸ್‌ವಾಲ್ಡರ್ ಸ್ಟ್ರಾಸೆ ನಿಲ್ದಾಣಕ್ಕೆ ಬನ್ನಿ. ಇಲ್ಲಿ ಯು2 ತಲೆ ಮೇಲೆ ಓಡುತ್ತದೆ. ಈ ಸೇತುವೆಗೆ ಊರವರಿಟ್ಟ ಹೆಸರು ‘ನಗರಸಭೆಯ ಕೊಡೆ’. ಮಳೆ ಬಂದರೆ ಅದರಡಿಯಲ್ಲೇ ನಡೆದು ರೈಲು ಹಿಡಿಯಿರಿ.